ಬಾಗಿಲ ಹೊರಗಿನ ಅತ್ತೆ

ಉಸಿರಾಡುವುದನ್ನು ಕಲಿಸಲು ಒಬ್ಬಳು ಗಾಡಿಯಲ್ಲಿ ಬರುತ್ತಾಳಂತೆ ಎಂದು ಕೇಳಿದ ದಿನವೇ ಕತ್ತರಿಗೆ ಅನುಮಾನ ಹುಟ್ಟಿತು.

"ಹುಟ್ಟಿದಾಗಿಂದ ಉಸಿರಾಡ್ತಾ ಇದೀನಿ. ಇಷ್ಟು ದಿನ ಯಾರೂ ತಪ್ಪು ಅಂದಿರಲಿಲ್ಲ," ಎಂದಳು. ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತಿದ್ದ ಹೆಂಗಸರು ನಕ್ಕರು.

ಕತ್ತರಿ ದರ್ಜಿ ಹೆಂಗಸು. ಹಳೇ ಶಾಲೆಯ ಕಟ್ಟಡದಲ್ಲಿ, ಮನೆ ಕಳೆದುಕೊಂಡು ಬಂದ ಸಂಸಾರಗಳ ನಡುವೆ, ಒಂದು ತರಗತಿಯ ಮೂಲೆಯಲ್ಲಿ ಹೊಲಿಗೆ ಮಷಿನ್ ಹಾಕಿಕೊಂಡಿದ್ದಳು. ಬಟ್ಟೆಗೂ ಕತ್ತರಿ, ಮಾತಿಗೂ ಕತ್ತರಿ. ಎದುರಿಗೆ ಕತ್ತರಿಯಕ್ಕ ಎನ್ನುತ್ತಿದ್ದರು, ಬೆನ್ನ ಹಿಂದೆ ಬರೀ ಕತ್ತರಿ. ಅವಳಿಗೆ ಎರಡೂ ಗೊತ್ತಿತ್ತು. ಆ ಮೂಲೆಯಲ್ಲಿ ಎರಡು ದುಪ್ಪಟಿ ಕಟ್ಟಿ ಮಾಡಿದ ಕೋಣೆಯಲ್ಲಿ ಅವಳ ಜೊತೆ ತಮ್ಮನ ಹೆಂಡತಿ ಮತ್ತು ತಮ್ಮನ ಮಗಳು ಗುಬ್ಬಿ ಇದ್ದರು. ತಮ್ಮ ಇರಲಿಲ್ಲ. ತಮ್ಮ ಎಲ್ಲಿ ಎಂದು ಯಾರಾದರೂ ಕೇಳಿದರೆ ಸತ್ತುಹೋದ ಎಂದು ಹೇಳುವುದಾಗಿತ್ತು.

ಅವನು ಸತ್ತಿರಲಿಲ್ಲ. ಅವನು ಗಾರೆ ಕೆಲಸದವನು. ಹೊಳೆಯ ಆಚೆಯವರಿಗೂ ಈಚೆಯವರಿಗೂ ಯುದ್ಧ ಹತ್ತಿ, ಎರಡೂ ಕಡೆಯವರು ಕೈಗೆ ಸಿಕ್ಕ ಗಂಡಸರನ್ನೆಲ್ಲ ಲಾರಿಗೆ ಹತ್ತಿಸಿ ಬಂದೂಕು ಕೊಡುತ್ತಿದ್ದ ಕಾಲ. ಹತ್ತದವನು ದ್ರೋಹಿ, ದ್ರೋಹಿಗೆ ಗುಂಡು. ಲಾರಿ ಬೀದಿಗೆ ಬಂದ ದಿನ ಅವನು ಹಿತ್ತಲ ಗೋಡೆ ಹಾರಿದ. ಅದೇ ವಾರ ಶೆಲ್ ಬಿದ್ದು ಮನೆಯ ಮುಂದಿನ ಗೋಡೆ ಕುಸಿಯಿತು. ಈಗ ಅವನು ಪೇಟೆಯ ಕೊನೆಯ ಹಿಟ್ಟಿನ ಗಿರಣಿಯಲ್ಲಿ, ಹಿಂದಿನ ಗೋದಾಮಿನ ಮೂಟೆಗಳ ಮರೆಯಲ್ಲಿದ್ದ. ಇದು ಗಿರಣಿಯವನಿಗೆ ಗೊತ್ತು, ಅಕ್ಕನಿಗೆ ಗೊತ್ತು, ಹೆಂಡತಿಗೆ ಗೊತ್ತು. ವಾರಕ್ಕೊಮ್ಮೆ ಈ ಇಬ್ಬರು ಹೆಂಗಸರು ಕಾಳು ಬೀಸಿಸಲು ಹೋಗಿ ಮೂಟೆಗಳ ಸಂದಿನಿಂದ ಅವನ ಮುಖ ನೋಡಿ ಬರುತ್ತಿದ್ದರು.

ಗುಬ್ಬಿಗೆ ಗೊತ್ತಿರಲಿಲ್ಲ. ಗೊತ್ತಾಗುವ ಹಾಗೂ ಇರಲಿಲ್ಲ. ಪೇಟೆಗೆ ಬರುವ ದಾರಿಯ ಚೆಕ್‌ಪೋಸ್ಟಿನವರು ದೊಡ್ಡವರನ್ನು ಕೇಳಿದ ಪ್ರಶ್ನೆಯನ್ನೇ ಮಕ್ಕಳನ್ನು ಬೇರೆ ಕರೆದು ಕೇಳುತ್ತಿದ್ದರು. ಮಕ್ಕಳ ಬಾಯಿಗೆ ಬೀಗವಿಲ್ಲ ಎಂದು ಅವರಿಗೂ ಗೊತ್ತು. ಹಾಗಾಗಿ ಆ ದಾರಿ ಹಿಡಿಯುವ ಮೊದಲು ಕತ್ತರಿ ಗುಬ್ಬಿಯನ್ನು ಕೂರಿಸಿಕೊಂಡು ಮಗ್ಗಿ ಕಲಿಸಿದ ಹಾಗೆ ಕಲಿಸಿದಳು. ತಲೆ ಬಾಚುವಾಗ ಕೇಳುವಳು, ಕಾಲು ತೊಳೆಯುವಾಗ ಕೇಳುವಳು.

"ಅಪ್ಪ ಎಲ್ಲಿ?"

"ಸತ್ತುಹೋದ."

"ಹೇಗೆ?"

"ಗೋಡೆ ಬಿದ್ದು."

ಚೆಕ್‌ಪೋಸ್ಟಿನಲ್ಲಿ ಒಬ್ಬ ಗುಬ್ಬಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಕೇಳಿದ. ಇನ್ನೊಬ್ಬ ತಾಯಿಯನ್ನು ಶೆಡ್ಡಿನ ಹಿಂದೆ ಕರೆದುಕೊಂಡು ಹೋಗಿ ಕೇಳಿದ. ಇಬ್ಬರೂ ಒಂದಕ್ಷರ ಆಚೀಚೆ ಇಲ್ಲದೆ ಒಂದೇ ಹೇಳಿದರು. ದಾರಿ ಬಿಟ್ಟರು. ಕತ್ತರಿ ಗುಬ್ಬಿಯ ಕೆನ್ನೆ ಹಿಂಡಿ, "ಭೇಷ್ ನನ್ನ ಬಂಗಾರ," ಎಂದಳು. ಮಾರನೇ ದಿನದಿಂದ ಬಂಗಾರ ಬಾಯಿ ಬಿಡಲಿಲ್ಲ. ಮೊದಲು ಮಾತು ಹೋಯಿತು. ಆಮೇಲೆ ಊಟ. ತುತ್ತನ್ನು ಬಾಯಲ್ಲಿಟ್ಟುಕೊಂಡು ಕೂರುವಳು, ನುಂಗುತ್ತಿರಲಿಲ್ಲ. ಕೈಗಳು ಕಡ್ಡಿಯಾದವು.

ಉಸಿರಾಟ ಕಲಿಸುವ ಆ ಹೆಂಗಸು, ಮಕ್ಕಳ ಬಾಯಲ್ಲಿ ಆಟದ ಮಿಸ್, ಬಂದದ್ದು ಇಂಥ ಹೊತ್ತಿನಲ್ಲಿ. ಅವಳ ಗಾಡಿಯ ಮೇಲೆ ಯಾವುದೋ ಸಂಸ್ಥೆಯ ಗುರುತಿತ್ತು. ಮಧ್ಯಾಹ್ನ ತಾಯಂದಿರನ್ನು ಚಾಪೆ ಮೇಲೆ ಕೂರಿಸಿ ನಿಧಾನ ಉಸಿರು ತೆಗೆದುಕೊಳ್ಳಿ, ನಿಧಾನ ಬಿಡಿ ಎನ್ನುವಳು. ನಿದ್ದೆ ಬರದವರು, ಬಾಗಿಲು ಬಡಿದರೆ ಬೆಚ್ಚುವವರು, ಮಕ್ಕಳಿಗೆ ಸುಮ್ಮಸುಮ್ಮನೆ ಹೊಡೆಯುವವರು ಅವಳ ಮುಂದೆ ಅಳುತ್ತಿದ್ದರು. ಮೊದಲ ದಿನ ಕತ್ತರಿಯೂ ಹೋಗಿ ಕೂತಿದ್ದಳು. ಅಳಲಿಕ್ಕಲ್ಲ, ನೋಡಲಿಕ್ಕೆ.

"ನೀವೂ ಏನಾದ್ರೂ ಹೇಳ್ತೀರಾ?" ಎಂದಳು ಮಿಸ್.

"ಹೇಳ್ತೀನಿ. ಚಾಪೆ ಹರಿದಿದೆ. ಕೊಟ್ರೆ ಹೊಲಿದು ಕೊಡ್ತೀನಿ."

ಬೆಳಿಗ್ಗೆ ಮಕ್ಕಳ ಸರದಿ. ಹೆಡ್‌ಮಾಸ್ಟರ ಹಳೇ ಕೋಣೆಯಲ್ಲಿ ಬಟ್ಟೆಯ ಬೊಂಬೆ, ಮರದ ಇಟ್ಟಿಗೆ, ತಟ್ಟೆ ಲೋಟ ಚಮಚ ಇಟ್ಟಿದ್ದಳು. ಒಬ್ಬೊಬ್ಬರನ್ನೇ ಒಳಗೆ ಕರೆದು ಬಾಗಿಲು ಹಾಕಿಕೊಳ್ಳುತ್ತಿದ್ದಳು. ಮಗು ಒಳಗೆ ಹೇಳಿದ್ದನ್ನು ಮಗು ಒಪ್ಪದೆ ಯಾರಿಗೂ ಹೇಳುವುದಿಲ್ಲ, ಹೆತ್ತವರಿಗೂ ಇಲ್ಲ ಎಂಬುದು ಅವಳ ಕಟ್ಟುನಿಟ್ಟು. ಕತ್ತರಿಗೆ ಇದೇ ಗಂಟಲಲ್ಲಿ ಸಿಕ್ಕಿಕೊಂಡಿದ್ದು. ಮನೆಯವರಿಗೆ ಹೇಳದಂಥ ಮಾತನ್ನು ಊರಿಗೆಲ್ಲ ಹಂಚುವವರನ್ನು ಅವಳು ಬೇಕಾದಷ್ಟು ನೋಡಿದ್ದಳು.

ಒಂದು ದಿನ ತಮ್ಮನ ಹೆಂಡತಿ ಕಣ್ಣರಳಿಸಿಕೊಂಡು ಬಂದಳು. "ಅತ್ತಿಗೆ, ಗುಬ್ಬಿ ಒಳಗೆ ಮಾತಾಡ್ತಾಳಂತೆ."

"ಯಾರು ಹೇಳಿದ್ದು?"

"ಮಿಸ್ಸು. ಮಾತಾಡ್ತಿದಾಳೆ, ಗಾಬರಿ ಬೇಡ ಅಂದ್ರು."

"ಏನು ಮಾತಾಡ್ತಾಳೆ?"

"ಅದನ್ನ ಹೇಳಲ್ಲ ಅಂದ್ರು."

ಕತ್ತರಿಯ ಮಷಿನ್ ನಿಂತಿತು. "ಹೆತ್ತವಳ ಹತ್ರ ಆಡದ ಮಾತನ್ನ ಅವಳ ಹತ್ರ ಆಡ್ತಾಳೆ. ಅವಳು ಬಚ್ಚಿಟ್ಕೋತಾಳೆ. ನೀನು ಕುಣೀತಾ ಬಂದಿದೀಯ."

"ಮಗು ಬಾಯಿ ಬಿಡ್ತಲ್ಲಾ ಅಂತ ಖುಷಿ ಆಯ್ತು."

"ಬಾಯಿ ಬಿಡಿಸೋಕೆ ತಾನೇ ಬಂದಿರೋದು ಅವಳು. ಆ ಗಾಡಿ ಡ್ರೈವರ್‌ನ ನೋಡಿದೀಯಾ? ಚೆಕ್‌ಪೋಸ್ಟಲ್ಲಿ ಅವರ ಹೆಗಲ ಮೇಲೆ ಕೈ ಹಾಕ್ಕೊಂಡು ಟೀ ಕುಡೀತಾನೆ. ಮೊನ್ನೆ ನಾನೇ ಕಣ್ಣಾರೆ ನೋಡ್ದೆ."

ಮರುದಿನ ಕತ್ತರಿ ತನ್ನ ಮಷಿನನ್ನು ಎಳೆದುಕೊಂಡು ಹೋಗಿ ಹೆಡ್‌ಮಾಸ್ಟರ ಕೋಣೆಯ ಹೊರಗೆ, ಜಗಲಿಯಲ್ಲಿ ಇಟ್ಟಳು. ಯಾಕೆಂದು ಕೇಳಿದವರಿಗೆ ಒಳಗೆ ಬೆಳಕು ಸಾಲದು ಎಂದಳು. ಗುಬ್ಬಿ ಒಳಗೆ ಹೋದ ಮೇಲೆ ಮಷಿನ್ ತುಳಿಯುವುದನ್ನು ನಿಲ್ಲಿಸಿ, ಬಟ್ಟೆಯನ್ನು ಸುಮ್ಮನೆ ಮುಂದಕ್ಕೂ ಹಿಂದಕ್ಕೂ ಎಳೆಯುತ್ತ ಕಿವಿಯನ್ನು ಬಾಗಿಲಿಗೆ ಕೊಡುವಳು. ಮರದ ಬಾಗಿಲು ದಪ್ಪ. ಇಟ್ಟಿಗೆ ಉರುಳುವ ಸದ್ದು ಕೇಳುತ್ತಿತ್ತು, ಗುಬ್ಬಿಯ ದನಿ ಕೇಳುತ್ತಿತ್ತು, ಮಾತು ಬಿಡಿಬಿಡಿಯಾಗಿ ತಿಳಿಯುತ್ತಿರಲಿಲ್ಲ. ಎಷ್ಟೋ ದಿನದ ಮೇಲೆ ಆ ದನಿ ಕೇಳಿ ಮೊದಲ ಸಲ ಅವಳು ಬಟ್ಟೆ ಎಳೆಯುವುದನ್ನೂ ಮರೆತಳು. ಆಮೇಲೆ ಸಿಟ್ಟು ಬಂತು. ನಮ್ಮ ಮಗುವಿನ ಮಾತು, ಕೇಳುವವಳು ಯಾರೋ.

ಹೀಗೆ ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಬಾಗಿಲು ಒಮ್ಮೆಗೇ ತೆರೆಯಿತು. ಬಾಗಿಲಿಗೆ ಒರಗಿದ್ದ ಕತ್ತರಿ ಒಳಗೆ ಮುಗ್ಗರಿಸುವುದು ಸ್ವಲ್ಪದರಲ್ಲಿ ತಪ್ಪಿತು.

"ಬನ್ನಿ," ಎಂದಳು ಮಿಸ್. "ಗುಬ್ಬಿ ನಿಮ್ಮನ್ನ ಒಳಗೆ ಕರೀ ಅಂದ್ಲು."

"ನಾನು ಇಲ್ಲಿ ಹೊಲೀತಾ ಇದ್ದೆ."

"ದಾರ ಇಲ್ಲದ ಮಷಿನಿನಲ್ಲಾ?"

ಕತ್ತರಿ ಒಳಗೆ ಹೋಗಿ ಮಕ್ಕಳ ಮಣೆಯ ಮೇಲೆ ಮೊಣಕಾಲು ಮಡಚಿ ಕೂತಳು. ಗುಬ್ಬಿ ಅವಳ ಕಡೆ ನೋಡಲಿಲ್ಲ. ನೆಲದ ಮೇಲೆ ಮರದ ಇಟ್ಟಿಗೆಯಲ್ಲಿ ಒಂದು ಮನೆ ಕಟ್ಟಿದ್ದಳು. ಮನೆಯ ಬಾಗಿಲಿಗೆ ಅಂಟಿಸಿದ ಹಾಗೆ ಒಂದು ದಪ್ಪ ಬೊಂಬೆ ನಿಂತಿತ್ತು.

"ಇದು ಯಾರು?" ಎಂದಳು ಮಿಸ್.

"ಅತ್ತೆ," ಎಂದಳು ಗುಬ್ಬಿ. "ಯಾವಾಗ್ಲೂ ಬಾಗಿಲ ಹೊರಗೇ ಇರ್ತಾಳೆ."

ಗುಬ್ಬಿ ಒಂದು ಗಂಡು ಬೊಂಬೆಯನ್ನು ಹಿಡಿದು ಗೋಡೆಯ ಪಕ್ಕದಲ್ಲಿ ನಡೆಸಿಕೊಂಡು ಬಂದಳು. ಅದು ಚಮಚವನ್ನೇ ಕರಣೆ ಮಾಡಿಕೊಂಡು ಗೋಡೆಗೆ ಗಾರೆ ಮೆತ್ತುತ್ತಿತ್ತು. ಬಾಯಲ್ಲಿ ಸಿಳ್ಳೆ ಹಾಕಿಸಿದಳು. ಆಮೇಲೆ ಚಿಕ್ಕದೊಂದು ಬೊಂಬೆ ತಂದು ದೂರದಲ್ಲಿ ನಿಲ್ಲಿಸಿದಳು. ದಪ್ಪ ಬೊಂಬೆ ಬಂದು ಚಿಕ್ಕದರ ಕಿವಿಯಲ್ಲಿ ಹೇಳಿತು: "ಹೇಳು." ಚಿಕ್ಕದು ಹೇಳಿತು: "ಗೋಡೆ ಬಿದ್ದು ಸತ್ತ." ಆಗ ಗುಬ್ಬಿ ಕೈಯಿಂದ ಗೋಡೆಯನ್ನು ತಳ್ಳಿದಳು. ಇಟ್ಟಿಗೆಗಳು ಗಂಡು ಬೊಂಬೆಯ ಮೇಲೆ ಬಿದ್ದವು. ಸಿಳ್ಳೆ ನಿಂತಿತು.

ಅವಳು ಚಿಕ್ಕ ಬೊಂಬೆಯ ಬಾಯಿಯ ಮೇಲೆ ಹೆಬ್ಬೆರಳು ಒತ್ತಿ ಹಿಡಿದು ಕೂತಳು.

ಮಿಸ್ ತಗ್ಗಿದ ದನಿಯಲ್ಲಿ ಕೇಳಿದಳು. "ಚಿಕ್ಕದು ಹೇಳದೆ ಇದ್ದಿದ್ರೆ?"

"ಬೀಳ್ತಿರಲಿಲ್ಲ."

ಕತ್ತರಿ ಎದ್ದು ಹೊರಗೆ ಬಂದಳು. ಮಷಿನಿನ ಮೇಲೆ ಕೈ ಊರಿ ನಿಂತಳು. ಹೇಳಿಕೊಟ್ಟದ್ದು ಸುಳ್ಳು ಎಂದು ಮಗುವಿಗೆ ಗೊತ್ತಿದೆ ಎಂದುಕೊಂಡಿದ್ದಳು. ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು, ನಂಬಿದ ಬಾಯಿ ತಡವರಿಸುವುದಿಲ್ಲ ಎಂದೂ ಅಂದುಕೊಂಡಿದ್ದಳು. ಮಗು ಮಾತನ್ನು ಹೀಗೆ ತಲೆಕೆಳಗು ಮಾಡಿಕೊಳ್ಳುತ್ತದೆ ಎಂದು ಯಾರು ಕಂಡಿದ್ದರು?

ಗುಬ್ಬಿಯನ್ನು ತಾಯಿಯ ಹತ್ತಿರ ಕಳಿಸಿ ಮಿಸ್ ಜಗಲಿಗೆ ಬಂದಳು.

"ಒಂದು ಮಾತು ಹೇಳ್ತೀನಿ. ನೀವು ಉತ್ತರ ಕೊಡಬೇಡಿ," ಎಂದಳು. "ಈಗ ನೋಡಿದ್ರಲ್ಲ. ತಾನು ಆಡಿದ ಮಾತು ಒಬ್ಬರ ಜೀವ ತೆಗೀತು ಅಂದ್ಕೊಂಡಿದಾಳೆ. ಇಂಥ ಮಕ್ಕಳನ್ನ ನೋಡಿದೀನಿ. ಹಾಗಾಗಲಿಲ್ಲ ಅಂತ ಅವಳಿಗೆ ಗೊತ್ತಾಗಬೇಕು. ಅವಳ ಅಪ್ಪನಿಗೆ ನಿಜವಾಗಿ ಏನಾಯ್ತು ಅಂತ ನಾನು ಕೇಳಲ್ಲ. ನನಗೆ ಹೇಳಲೂಬೇಡಿ. ಅವಳಿಗೆ ಹೇಳಿ."

ಕೇಳುವುದಿಲ್ಲ ಎನ್ನುವುದೂ ಕೇಳುವ ಒಂದು ಬಗೆ. ಕತ್ತರಿ ಅವಳ ಮುಖವನ್ನು ಬಟ್ಟೆಯ ನೇಯ್ಗೆ ನೋಡುವ ಹಾಗೆ ನೋಡಿದಳು.

"ನಿಮ್ಮ ಡ್ರೈವರ್ ಅವರ ಜೊತೆ ಟೀ ಕುಡೀತಾನೆ."

"ಕುಡೀತಾನೆ. ಕುಡೀದೆ ಇದ್ರೆ ನನ್ನ ಗಾಡಿ ಈ ಕಡೆ ಬಿಡಲ್ಲ."

"ಆ ಟೀ ಜೊತೆ ಏನೇನು ಹೇಳ್ತಾನೋ."

"ನಂಗೂ ಗೊತ್ತಿಲ್ಲ. ಅದಕ್ಕೇ ನಾನು ಅವನಿಗೆ ಏನೂ ಹೇಳಲ್ಲ." ಮಿಸ್ ಜಗಲಿಯ ಕಂಬಕ್ಕೆ ಒರಗಿದಳು. ಆಯಾಸವಾದವಳ ಹಾಗೆ ಕಂಡಳು. "ನನ್ನನ್ನ ನಂಬಿ ಅಂತ ನಾನು ಹೇಳ್ತಿಲ್ಲ. ನಿಮ್ಮ ಜಾಗದಲ್ಲಿದ್ರೆ ನಾನೂ ನಂಬ್ತಿರಲಿಲ್ಲ. ಮಗೂನ ಮಾತ್ರ ಬೇಗ ನೋಡಿ. ಊಟ ಬಿಟ್ಟಿರೋದು ಒಳ್ಳೇದಲ್ಲ."

ಮಧ್ಯಾಹ್ನ ದುಪ್ಪಟಿಯ ಹಿಂದೆ ಇಬ್ಬರು ಹೆಂಗಸರು ಪಿಸುದನಿಯಲ್ಲಿ ಜಗಳವಾಡಿದರು. ಗುಬ್ಬಿ ಗೋಡೆಯ ಕಡೆ ತಿರುಗಿ ನಿದ್ದೆ ಹೋಗಿದ್ದಳು.

"ನಾನು ಇವತ್ತೇ ಹೇಳ್ತೀನಿ," ಎಂದಳು ತಮ್ಮನ ಹೆಂಡತಿ.

"ಹೇಳು. ನಾಳೆ ಆ ಕೋಣೇಲಿ ಬೊಂಬೆ ಮೂಟೆ ಹಿಂದೆ ಕೂರುತ್ತೆ. ನಾಡಿದ್ದು ಗಿರಣಿಗೆ ಲಾರಿ ಬರುತ್ತೆ. ನನ್ನ ತಮ್ಮನ ಹೆಣ ಹೊರೋಕೆ ನೀನು ಬರ್ತೀಯಾ?"

"ಅವಳ ಕೈ ನೋಡಿ ಅತ್ತಿಗೆ. ನಿಮಗೆ ತಮ್ಮ ಒಬ್ಬ ಇದ್ರೆ ಸಾಕು. ನಂಗೆ ಇಬ್ಬರೂ ಬೇಕು."

"ನಂಗೇನು ಅವಳು ಬೇಡವಾ?" ಕತ್ತರಿಯ ದನಿ ಏರಿತು. ಪಕ್ಕದ ದುಪ್ಪಟಿಯ ಆಚೆ ಯಾರೋ ಕೆಮ್ಮಿದರು. ದನಿ ಇಳಿಸಿದಳು. "ಬದುಕಿದಾನೆ ಅಂದ್ರೆ ಎಲ್ಲಿ ಅಂತ ಕೇಳ್ತಾಳೆ. ಮಕ್ಕಳು ಬಿಡ್ತಾವಾ?"

ತಮ್ಮನ ಹೆಂಡತಿ ಗುಬ್ಬಿಯ ಹೊದಿಕೆ ಸರಿಮಾಡಿದಳು. ಅವಳು ಹೆಚ್ಚು ಮಾತಿನವಳಲ್ಲ, ಅತ್ತಿಗೆಯ ಮಾತಿಗೆ ಎದುರಾಡಿದವಳೂ ಅಲ್ಲ.

"ಎಲ್ಲಿ ಅಂತ ನಮಗೇ ಗೊತ್ತಿಲ್ಲದಿದ್ರೆ?" ಎಂದಳು.

"ಅಂದ್ರೆ?"

"ಗಿರಣಿಯಿಂದ ಅವರನ್ನ ಕಳಿಸಿಬಿಡೋಣ. ಎಲ್ಲಿಗೆ ಅಂತ ನಾವು ಕೇಳೋದು ಬೇಡ. ಗೊತ್ತಿಲ್ಲದ್ದನ್ನ ನಮ್ಮಿಂದ ಯಾರು ಬಾಯಿ ಬಿಡಿಸ್ತಾರೆ? ಆಮೇಲೆ ಅಪ್ಪ ಬದುಕಿದಾನೆ ಅಂತ ಅವಳಿಗೆ ಹೇಳೋಣ. ಅದೊಂದೇ."

"ವಾರಕ್ಕೊಂದು ಸಲ ನೋಡೋದೂ ಹೋಗುತ್ತೆ."

"ಹೋಗುತ್ತೆ."

"ಆಮೇಲೆ ಅವನು ಇದಾನೋ ಇಲ್ವೋ ಅನ್ನೋದೂ..."

"ಗೊತ್ತು ಅತ್ತಿಗೆ," ಎಂದಳು ಅವಳು. "ಮಗಳಿಗೆ ಇಷ್ಟು ದಿನ ಗೊತ್ತಿರಲಿಲ್ಲವಲ್ಲ. ಈಗ ನಮ್ಮ ಸರದಿ."

ತನಗಿಂತ ಹರಿತವಾದದ್ದು ಮನೆಯಲ್ಲೇ ಇದೆ ಎಂದು ಕತ್ತರಿಗೆ ಅಂದೇ ತಿಳಿದದ್ದು.

ಮಾರನೇ ದಿನ ಕಾಳಿನ ಚೀಲ ಹೊತ್ತು ಇಬ್ಬರೂ ಗಿರಣಿಗೆ ಹೋದರು. ಕಲ್ಲು ತಿರುಗುವ ಸದ್ದಿನಲ್ಲಿ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ. ಗಿರಣಿಯವನು ಹುಬ್ಬಿನಿಂದ ಪಾದದವರೆಗೆ ಹಿಟ್ಟು ಮೆತ್ತಿಕೊಂಡಿದ್ದ, ಯಾವ ಕಾಲಕ್ಕೂ ಯಾವುದಕ್ಕೂ ಆತುರವಿಲ್ಲದ ಮನುಷ್ಯ. ಕತ್ತರಿ ಅವನ ಕಿವಿಗೆ ಬಾಯಿಟ್ಟು ಹೇಳಿದಳು.

"ತೌಡಿನ ಲಾರಿ ಇವತ್ತೇ ಹೊರಡುತ್ತೆ," ಎಂದ ಅವನು. "ಎಲ್ಲಿ ಇಳಿಸ್ತಾನೆ ಅಂದ್ರೆ..."

"ಹೇಳಬೇಡ," ಎಂದಳು ತಮ್ಮನ ಹೆಂಡತಿ.

ಗೋದಾಮಿನಲ್ಲಿ ಮೂಟೆಗಳ ಸಂದಿನಿಂದ ಅವನು ಈಚೆ ಬಂದ. ಕತ್ತರಿಯ ಕಣ್ಣಿಗೆ ಕಂಡದ್ದು ಅಡಿಯಿಂದ ಮುಡಿಯವರೆಗೆ ಬಿಳಿಯಾದ ಒಬ್ಬ ಮುದುಕ. ತಮ್ಮನೆಂದು ತಿಳಿಯಲು ಒಂದು ಗಳಿಗೆ ಹಿಡಿಯಿತು.

"ಗುಬ್ಬಿ ಹೇಗಿದಾಳೆ?" ಎಂದ.

"ಚೆನ್ನಾಗಿದಾಳೆ," ಎಂದಳು ಕತ್ತರಿ. ಅವಳ ನಾಲಿಗೆಗೆ ಅಭ್ಯಾಸವಾಗಿಬಿಟ್ಟಿತ್ತು.

"ಚೆನ್ನಾಗಿಲ್ಲ," ಎಂದಳು ಹೆಂಡತಿ. "ಅದಕ್ಕೇ ನೀವು ಇಲ್ಲಿಂದ ಹೋಗಬೇಕು."

ಅವಳು ಅವನ ಪಕ್ಕ ಮೂಟೆಯ ಮೇಲೆ ಕೂತು ಎಲ್ಲ ಹೇಳಿದಳು. ಹೇಳುತ್ತ ಅವನ ಹೆಗಲು, ಎದೆಯ ಮೇಲಿನ ಹಿಟ್ಟನ್ನು ಅಂಗೈಯಿಂದ ಒರೆಸುತ್ತಿದ್ದಳು. ಅವನು ತಲೆ ತಗ್ಗಿಸಿ ಕೇಳಿದ. ಆಗಲಿ ಎಂದ. ಇನ್ನೇನೋ ಹೇಳಲು ಬಾಯಿ ತೆರೆದವನು ಹಿಟ್ಟಿಗೆ ಸೀನಿದ, ಒಂದಾದ ಮೇಲೊಂದು. ಕತ್ತರಿ ಬಾಗಿಲಲ್ಲಿ ಕಾವಲು ನಿಂತು ಬೀದಿಯನ್ನೇ ನೋಡುತ್ತಿದ್ದಳು.

ಲಾರಿ ಚೆಕ್‌ಪೋಸ್ಟ್ ದಾಟಿತು ಎಂಬ ಸುದ್ದಿ ಬಂದ ಮೇಲೆ ಗುಬ್ಬಿಗೆ ಹೇಳುವುದು ಎಂದಾಯಿತು. ಯಾರು ಹೇಳಬೇಕು ಎಂಬುದಕ್ಕೆ ತಮ್ಮನ ಹೆಂಡತಿ ಹೆಚ್ಚು ಯೋಚಿಸಲಿಲ್ಲ. "ಕಲಿಸಿದವರೇ ಅಳಿಸಬೇಕು," ಎಂದಳು.

ನೀರಿನ ಟ್ಯಾಂಕರ್ ಬಂದು ಎಲ್ಲರೂ ಅಂಗಳಕ್ಕೆ ಓಡಿದ್ದ ಹೊತ್ತು. ತಾಯಿ ತರಗತಿಯ ಆಚೆ ತುದಿಯಲ್ಲಿ ಬಟ್ಟೆ ಮಡಚುತ್ತಿದ್ದಳು. ಕತ್ತರಿ ಗುಬ್ಬಿಯ ಎದುರು ನೆಲದ ಮೇಲೆ ಕೂತಳು. ಎಷ್ಟೋ ಸುಳ್ಳುಗಳನ್ನು ಸಲೀಸಾಗಿ ಹೇಳಿದವಳಿಗೆ ಈ ಒಂದು ನಿಜಕ್ಕೆ ಬೆವರು ಬಂತು.

"ಗುಬ್ಬಿ, ನಿಮ್ಮಪ್ಪ ಸತ್ತಿಲ್ಲ ಕಣೇ."

ಗುಬ್ಬಿ ನೋಡಿದಳು. ರೆಪ್ಪೆ ಹೊಡೆಯಲಿಲ್ಲ.

"ಗೋಡೆ ಬಿದ್ದಾಗ ಅವನು ಅಲ್ಲಿರಲೇ ಇಲ್ಲ. ಬದುಕಿದಾನೆ. ಅವರು ಎಳ್ಕೊಂಡು ಹೋಗಬಾರದು ಅಂತ ನಿನ್ನ ಕೈಲಿ ಹಾಗೆ ಹೇಳಿಸಿದ್ದು."

ಗುಬ್ಬಿಯ ತುಟಿ ಬಿಚ್ಚಿತು. ದನಿ ಒರಟಾಗಿತ್ತು. "ಎಲ್ಲಿದಾನೆ?"

"ಗೊತ್ತಿಲ್ಲ."

"ಸುಳ್ಳು."

"ನಿನ್ನಾಣೆ, ಗೊತ್ತಿಲ್ಲ."

"ನೀನು ಸುಳ್ಳು ಹೇಳ್ತೀಯ," ಎಂದಳು ಗುಬ್ಬಿ. ಅದರಲ್ಲಿ ಸಿಟ್ಟಿರಲಿಲ್ಲ. ಹಗಲಿನಲ್ಲಿ ಬೆಳಕಿರುತ್ತದೆ ಎಂದ ಹಾಗಿತ್ತು. "ಯಾವಾಗ ನೋಡ್ದೆ?"

"ಮೊನ್ನೆ."

"ಗಡ್ಡ ಇತ್ತಾ?"

"ಇತ್ತು. ಕರಡಿ ಥರ. ಒಂಚೂರೂ ಚೆನ್ನಾಗಿಲ್ಲ."

"ಯಾವ ಬಣ್ಣದ ಅಂಗಿ?"

ಕತ್ತರಿ ಕಣ್ಣು ಮುಚ್ಚಿ ನೆನಪು ಮಾಡಿಕೊಂಡಳು. "ಬಿಳಿ."

"ಇಲ್ಲೇ ಕೂತಿರು," ಎಂದಳು ಗುಬ್ಬಿ. "ಏಳಬೇಡ. ಕೂಗಬೇಡ."

ಎದ್ದು ದುಪ್ಪಟಿ ಸರಿಸಿ ತಾಯಿಯ ಹತ್ತಿರ ಹೋದಳು. ಚೆಕ್‌ಪೋಸ್ಟಿನವರು ಮಾಡಿದ ಹಾಗೇ, ಒಬ್ಬರನ್ನು ಇಲ್ಲಿಟ್ಟು ಇನ್ನೊಬ್ಬರನ್ನು ಅಲ್ಲಿ ಕೇಳಲು. ಕತ್ತರಿ ಕೂತಲ್ಲಿಂದಲೇ ಕಿವಿಗೊಟ್ಟಳು. ಮಗಳು ಕೇಳಿದ್ದು ತಿಳಿಯಲಿಲ್ಲ. ತಾಯಿಯ ದನಿ, ಅಳು ಬೆರೆತದ್ದು, ಸ್ಪಷ್ಟವಾಗಿ ಬಂತು. "ನೀಲಿ ಅಂಗಿ ಕಂದಾ. ಕೊರಳ ಹತ್ರ ಹರಿದಿತ್ತು."

ಹಿಟ್ಟಿನ ಕೆಳಗೆ ಅಂಗಿ ನೀಲಿಯಾಗಿತ್ತು. ಒರೆಸಿದವಳಿಗೆ ಅದು ಕಂಡಿತ್ತು. ಜೀವಮಾನವೆಲ್ಲ ಬಟ್ಟೆ ನೋಡಿದ ಕತ್ತರಿ ಹಿಟ್ಟನ್ನು ನೋಡಿ ಬಂದಿದ್ದಳು. ಈಗ ಹಿಟ್ಟು ಎಂದು ಬಾಯಿಬಿಟ್ಟರೆ ಗಿರಣಿ ಬರುತ್ತದೆ, ಗಿರಣಿಯವನ ಕುತ್ತಿಗೆ ಬರುತ್ತದೆ. ಬಿಡದಿದ್ದರೆ ಮಗು ಇನ್ನು ಯಾವತ್ತೂ ನಂಬುವುದಿಲ್ಲ.

ಗುಬ್ಬಿ ಬಂದು ಅವಳ ಮುಂದೆ ನಿಂತಳು.

"ಅಮ್ಮ ನೀಲಿ ಅಂದ್ಲು. ಕೊರಳಲ್ಲಿ ಹರಿದಿತ್ತು ಅಂದ್ಲು. ನೀನು ಬಿಳಿ ಅಂದೆ."

"ನಾನು ಸರಿಯಾಗಿ ನೋಡಲಿಲ್ಲ ಕಣೇ, ನಾನು ಬಾಗಿಲಲ್ಲಿ ನಿಂತಿದ್ದೆ, ಅಲ್ಲಿ..."

"ನೀನು ಅಮ್ಮಂಗೆ ಹೇಳಿಕೊಟ್ಟಿಲ್ವಾ?"

"ಏನು?"

"ನಂಗೆ ಹೇಳಿಕೊಟ್ಟ ಹಾಗೆ. ಹೇಳಿಕೊಟ್ಟಿದ್ರೆ ಇಬ್ಬರೂ ಒಂದೇ ಹೇಳ್ತಿದ್ರಿ." ಗುಬ್ಬಿ ಹುಬ್ಬು ಗಂಟು ಹಾಕಿ ಯೋಚಿಸಿದಳು. "ನೀನು ಬಾಗಿಲಲ್ಲೇ ನಿಂತಿದ್ದೆ. ಅದಕ್ಕೆ ಕಾಣಿಸಿಲ್ಲ."

ಕತ್ತರಿ ನಾಲಿಗೆಯ ತುದಿಗೆ ಬಂದಿದ್ದ ಗಿರಣಿಯನ್ನು ನುಂಗಿಕೊಂಡಳು.

"ನಾನು ಹೇಳಿದ್ದಕ್ಕೆ ಗೋಡೆ ಬೀಳಲಿಲ್ವಾ?" ಎಂದಳು ಗುಬ್ಬಿ.

"ಅದು ಮೊದಲೇ ಬಿದ್ದಿತ್ತು. ನೀನು ಹೇಳಿದ್ದನ್ನ ಅವರು ನಂಬಿದ್ರು. ಅದಕ್ಕೆ ಅವನನ್ನ ಹುಡುಕೋದು ಬಿಟ್ರು."

ಗುಬ್ಬಿ ಆ ಮಾತನ್ನು ಬಾಯಲ್ಲಿಟ್ಟ ತುತ್ತಿನ ಹಾಗೆ ಬಹಳ ಹೊತ್ತು ಇಟ್ಟುಕೊಂಡಳು. ಆಮೇಲೆ ಕೇಳಿದಳು. "ಆಟದ ಮಿಸ್‌ಗೆ ಹೇಳಲಾ?"

ಡ್ರೈವರ್, ಟೀ ಲೋಟ, ಶೆಡ್ಡು ಎಲ್ಲ ಕತ್ತರಿಯ ಕಣ್ಣ ಮುಂದೆ ಬಂದವು. "ಬೇಡ. ನಂಗೆ ಹೇಳಬೇಡಿ ಅಂತ ಅವಳೇ ಅಂದಿದಾಳೆ."

"ಅವಳು ಒಳ್ಳೇವಳು."

"ಇರಬಹುದು," ಎಂದಳು ಕತ್ತರಿ.

ಡಬ್ಬಿಯಲ್ಲಿ ಬೆಳಗಿನ ರೊಟ್ಟಿ ಇತ್ತು. ತೆಗೆದು ಮಗುವಿನ ಮುಂದೆ ಹಿಡಿದಳು. ಗುಬ್ಬಿ ಅದನ್ನು ತೆಗೆದುಕೊಂಡು, ಎರಡು ತುಂಡು ಮಾಡಿ, ಒಂದನ್ನು ಅತ್ತೆಯ ಕೈಗೆ ಕೊಟ್ಟಳು.

"ಮೊದಲು ನೀನು ತಿನ್ನು," ಎಂದಳು. ಅತ್ತೆಯ ಗಂಟಲಲ್ಲಿ ತುತ್ತು ಇಳಿಯುವುದನ್ನೇ ನೋಡುತ್ತ ಕೂತಳು.